ಕೀಲಿಯೂ ಒಂದು ಅಮಾನತು

ದುರ್ಗದಬೈಲಿನ ಅಂಗಡಿಕಾರ ರಾತ್ರಿ ಬಾಗಿಲಿಗೆ ಬೀಗ ಜಡಿದರೆ ಅದರ ಕೀಲಿ ಎಲ್ಲಿದೆಯೆಂಬುದು ಮನೆಮಂದಿಗೆ ತಿಳಿದಿರುತ್ತದೆ. ಯಾರಿಗೆ ಎಷ್ಟು ಉದ್ರಿ ಕೊಟ್ಟಿದೆ, ಯಾರಿಂದ ಎಷ್ಟು ಬರಬೇಕು ಎಂಬುದೂ ಖಾತೆ ಪುಸ್ತಕದಲ್ಲಿರುತ್ತದೆ. ಆದರೆ ಅದೇ ಅಂಗಡಿಕಾರನ ಮಗ ಮೊಬೈಲಿನಲ್ಲಿ ಬಿಟ್‌ಕಾಯಿನ್ ಕೊಂಡಿಟ್ಟರೆ ಅದರ ಕೀಲಿ ಎಲ್ಲಿದೆಯೆಂದು ತಂದೆಗೂ ಗೊತ್ತಿರುವುದಿಲ್ಲ, ಪತ್ನಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಕೊಂಡವನಿಗೇ ಗೊತ್ತಿರುವುದಿಲ್ಲ. ಹುಬ್ಬಳ್ಳಿಯಿರಲಿ, ಬೇರೆ ಊರಿರಲಿ, ಸಮುದಾಯವು ಗಂಭೀರವಾಗಿ ಚಿಂತಿಸಬೇಕಾದ ವಿಷಯವಿದು.

ಕ್ರಿಪ್ಟೊ ಕರೆನ್ಸಿ ಧರ್ಮಬದ್ಧವೇ ಎಂಬ ಪ್ರಶ್ನೆಯಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. 2018ರಲ್ಲಿ ಈಜಿಪ್ಟಿನ ಮಹಾ ಮುಫ್ತಿಯವರು ಅದು ಅನುಮತಿಸಲ್ಪಟ್ಟದ್ದಲ್ಲ ಎಂದರು. 2021ರಲ್ಲಿ ಇಂಡೋನೇಷ್ಯಾದ ಉಲಮಾ ಮಂಡಳಿಯು ಕರೆನ್ಸಿಯ ರೂಪದಲ್ಲಿ ಅದರ ಬಳಕೆಯನ್ನು ಹರಾಮ್ ಎಂದಿತು. ನೋಂದಾಯಿತ ವೇದಿಕೆಗಳಲ್ಲಿ ಅದರ ವ್ಯಾಪಾರ ತಾತ್ವಿಕವಾಗಿ ಸಮ್ಮತವೆಂದು ಮಲೇಷ್ಯಾದ ಷೇರುಪೇಟೆ ನಿಯಂತ್ರಕರ ಶರೀಅತ್ ಸಲಹಾ ಮಂಡಳಿ 2020ರಲ್ಲಿ ಹೇಳಿತು. ಈ ವಿವಾದದ ತೀರ್ಪು ಕೊಡುವುದು ಈ ಅಂಕಣದ ಕೆಲಸವಲ್ಲ. ಆ ವಿಷಯವನ್ನು ಪ್ರತಿಯೊಬ್ಬರೂ ತಾವು ನಂಬುವ ವಿದ್ವಾಂಸರಲ್ಲಿ ವಿಚಾರಿಸಲಿ. ಆದರೆ ಈಗಾಗಲೇ ಕೊಂಡಿರುವವರ ಸಂಗತಿಯೇನು? ಅವರ ಕೈಯಲ್ಲಿರುವುದು ಕುಟುಂಬದ ಸೊತ್ತು. ಅದರ ರಕ್ಷಣೆಯ ಬಗ್ಗೆ ಮೌನ ವಹಿಸುವುದು ಜಾಣತನವಲ್ಲ.

ಮೊದಲು ತಿಳಿಯಬೇಕಾದುದಿಷ್ಟು. ಬಿಟ್‌ಕಾಯಿನ್ ಮೊಬೈಲಿನೊಳಗೆ ಇರುವುದಿಲ್ಲ. ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿರುವ ಒಂದೇ ಲೆಕ್ಕಪುಸ್ತಕದಲ್ಲಿ ಅದು ನಮೂದಾಗಿರುತ್ತದೆ. ಅದನ್ನು ವರ್ಗಾಯಿಸುವ ಅಧಿಕಾರವಿರುವುದು ರಹಸ್ಯ ಸಂಖ್ಯೆಯೊಂದನ್ನು ಹೊಂದಿರುವವನಿಗೆ ಮಾತ್ರ. ಅದೇ ಖಾಸಗಿ ಕೀಲಿ. ಕೀಲಿ ಯಾರದೋ ಹಣ ಅವರದು. ನಮ್ಮ ರಾಜ್ಯದ ಪೊಲೀಸರೇ ಈ ಪಾಠವನ್ನು ಬಹಿರಂಗವಾಗಿ ಕಲಿಯಬೇಕಾಯಿತು. ಹ್ಯಾಕಿಂಗ್ ಆರೋಪಿ ಶ್ರೀಕಿಯಿಂದ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿರುವುದಾಗಿ 2021ರ ಜನವರಿಯಲ್ಲಿ ಬೆಂಗಳೂರು ಪೊಲೀಸರು ಪ್ರಕಟಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ, ಆರೋಪಿ ತನ್ನದೆಂದು ತೋರಿಸಿದ ವ್ಯಾಲೆಟ್ ವಿನಿಮಯ ಕೇಂದ್ರವೊಂದರದ್ದಾಗಿತ್ತು, ಅದರ ಖಾಸಗಿ ಕೀಲಿ ಆತನಲ್ಲಿರಲಿಲ್ಲ ಎಂದು ಅವರೇ ಸ್ಪಷ್ಟೀಕರಣ ನೀಡಿದರು. ಪರದೆಯ ಮೇಲೆ ಹಣ ಕಂಡಿತು, ಕೈಗೆ ಬರಲಿಲ್ಲ.

ವಿನಿಮಯ ಕೇಂದ್ರಗಳಲ್ಲಿ ಹಣ ಬಿಟ್ಟವರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. 2024ರ ಜುಲೈಯಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಸೊತ್ತು ಕಳವಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಗ್ರಾಹಕರು ತಮ್ಮದೇ ಕ್ರಿಪ್ಟೊವನ್ನು ಹೊರತೆಗೆಯಲಾಗದೆ ಪರದಾಡಿದರು. ಆದ್ದರಿಂದಲೇ ಕೀಲಿಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬಯಸುವವರು ಹಾರ್ಡ್‌ವೇರ್ ವ್ಯಾಲೆಟ್ ಎಂಬ ಪುಟ್ಟ ಸಾಧನದ ಮೊರೆ ಹೋಗುತ್ತಾರೆ. ಅದರೊಂದಿಗೆ ಬರುವ ಆ್ಯಪ್ ಬಾಕಿಯನ್ನು ತೋರಿಸುತ್ತದೆ, ವರ್ಗಾವಣೆಯನ್ನು ಸಿದ್ಧಪಡಿಸುತ್ತದೆ. ಆದರೆ ಕೀಲಿ ಸಾಧನವನ್ನು ಬಿಟ್ಟು ಹೊರಬರುವುದಿಲ್ಲ. ಸಾಧನದ ಗುಂಡಿಯನ್ನೊತ್ತಿ ಒಪ್ಪಿಗೆ ಕೊಟ್ಟರೆ ಮಾತ್ರ ಹಣ ಕದಲುತ್ತದೆ.

ಹಾಗೆಂದು ಸಾಧನವನ್ನು ತಾಯಿತದಂತೆ ನಂಬಕೂಡದು. ವಜೀರ್‌ಎಕ್ಸ್‌ನಲ್ಲಿ ಸಹಿ ಹಾಕಿದವರೂ ಇಂಥದೇ ಸಾಧನಗಳನ್ನು ಬಳಸುತ್ತಿದ್ದರು. ಕಂಪ್ಯೂಟರಿನ ಪರದೆ ತೋರಿಸಿದ್ದೊಂದು, ಸಹಿಯಾದದ್ದು ಇನ್ನೊಂದು ಎಂದು ಸಂಸ್ಥೆಯೇ ಹೇಳಿಕೊಂಡಿತು. ಹಾಗಾಗಿ ಆ್ಯಪ್ ತೋರಿಸುವ ವಿಳಾಸವನ್ನಲ್ಲ, ಸಾಧನದ ಪರದೆಯಲ್ಲಿರುವ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿಯೇ ಗುಂಡಿ ಒತ್ತಬೇಕು. ಸಾಧನವನ್ನು ತಯಾರಕರಿಂದಲೇ ಕೊಳ್ಳಬೇಕು. ಬಳಸಿದ್ದನ್ನು ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳಬಾರದು. ಆ್ಯಪನ್ನೂ ತಯಾರಕರ ಅಧಿಕೃತ ತಾಣದ ಮೂಲಕವೇ ಪಡೆಯಬೇಕು. 2023ರಲ್ಲಿ ಮೈಕ್ರೋಸಾಫ್ಟ್‌ನ ಆ್ಯಪ್ ಮಳಿಗೆಯಲ್ಲೇ ಲೆಡ್ಜರ್ ಕಂಪೆನಿಯ ಹೆಸರಿನ ನಕಲಿ ಆ್ಯಪ್ ಸೇರಿಕೊಂಡು ಜನರ ಲಕ್ಷಾಂತರ ಡಾಲರ್ ನುಂಗಿತ್ತು.

ಎಲ್ಲಕ್ಕಿಂತ ಮುಖ್ಯವಾದುದು, ಸಾಧನವು ಆರಂಭದಲ್ಲಿ ಕೊಡುವ ಪದಗಳ ಸಾಲು. ಸಾಮಾನ್ಯವಾಗಿ 12 ಅಥವಾ 24 ಪದಗಳಿರುತ್ತವೆ. ಸಾಧನ ಕಳೆದುಹೋದರೂ ಕೆಟ್ಟರೂ ಈ ಪದಗಳಿಂದ ಹಣವನ್ನು ಮರಳಿ ಪಡೆಯಬಹುದು. ಪದಗಳು ಅನ್ಯರ ಕೈಸೇರಿದರೆ ಸಾಧನ ನಿಮ್ಮ ಬಳಿಯಿದ್ದೂ ಪ್ರಯೋಜನವಿಲ್ಲ. ಅವುಗಳನ್ನು ಕಾಗದದಲ್ಲಿ ಬರೆದಿಡಿ. ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಡಿ. ಫೋನಿನಲ್ಲೋ ಪತ್ರದಲ್ಲೋ ಅವುಗಳನ್ನು ಕೇಳುವವನು ಯಾರೇ ಆಗಿರಲಿ, ಅವನು ಕಳ್ಳ. ಪದಗಳನ್ನು ಮೊದಲೇ ಮುದ್ರಿಸಿಕೊಟ್ಟ ಸಾಧನವೂ ಕಳ್ಳನದ್ದೇ.

‘ಇಷ್ಟೆಲ್ಲ ತಲೆನೋವು ಏಕೆ, ನಮ್ಮವನೇ ಒಬ್ಬ ನೋಡಿಕೊಳ್ಳುತ್ತಾನೆ’ ಎನ್ನುವವರಿಗೆ ಐಎಂಎ ಪ್ರಕರಣವನ್ನು ನೆನಪಿಸಬೇಕಾಗುತ್ತದೆ. ಹಲಾಲ್ ಲಾಭದ ಭರವಸೆ ನಂಬಿ ವಿಧವೆಯರು, ನಿವೃತ್ತರು, ಮಗಳ ಮದುವೆಗೆಂದು ಕೂಡಿಟ್ಟವರು ಹಣ ಸುರಿದರು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದುಬೈಗೆ ಹಾರಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಿದ್ದವು. ಅಲ್ಲಿಯೂ ಜನರು ಒಪ್ಪಿಸಿದ್ದು ಕೀಲಿಯನ್ನೇ. ಗಡ್ಡ, ಟೋಪಿ ಮತ್ತು ಸಲಾಮ್ ಲೆಕ್ಕಪತ್ರಕ್ಕೆ ಬದಲಿಯಾಗಲಾರವು. ಇಂದು ಅದೇ ಮಾತು ‘ಹಲಾಲ್ ಕಾಯಿನ್’ ಎಂಬ ಹೆಸರಿನಲ್ಲಿ ಬಾಗಿಲು ತಟ್ಟಿದರೆ ಸಮುದಾಯ ಮತ್ತೆ ಮೋಸಹೋಗಬೇಕೇ?

ಇನ್ನೊಂದು ಹೊಣೆ ಇದಕ್ಕಿಂತ ದೊಡ್ಡದು. ಬ್ಯಾಂಕಿನ ಖಾತೆದಾರ ತೀರಿಕೊಂಡರೆ ಮರಣ ಪ್ರಮಾಣಪತ್ರ ಹಿಡಿದು ವಾರಸುದಾರರು ಹೋಗಬಹುದು. ಹಾರ್ಡ್‌ವೇರ್ ವ್ಯಾಲೆಟ್‌ಗೆ ಶಾಖೆಯಿಲ್ಲ, ವ್ಯವಸ್ಥಾಪಕನಿಲ್ಲ. ಪದಗಳನ್ನು ಯಾರಿಗೂ ತಿಳಿಸದೆ ಒಬ್ಬಾತ ಕಣ್ಮುಚ್ಚಿದರೆ, ಮಕ್ಕಳಿರುವ ಪತ್ನಿಗೆ ಕುರ್‌ಆನ್ ನಿಗದಿಪಡಿಸಿದ ಎಂಟನೆಯ ಒಂದು ಪಾಲೂ ಹೆಣ್ಣುಮಕ್ಕಳ ಪಾಲೂ ಅವನೊಂದಿಗೆ ಮಣ್ಣುಪಾಲಾಗುತ್ತದೆ. ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಸಾಕ್ಷಿಗಳೊಂದಿಗೆ ಬರೆದಿಡುವ ಕುರಿತಾಗಿದೆ. ಆ ಶಿಸ್ತು ಇಲ್ಲಿಗೂ ಅನ್ವಯವಾಗಬೇಡವೇ? ಇಂಥ ಸೊತ್ತು ಇದೆ, ಸಾಧನ ಇಂಥಲ್ಲಿದೆ, ಪದಗಳ ಮೊಹರು ಹಾಕಿದ ಲಕೋಟೆ ಇನ್ನೊಂದು ಕಡೆಯಿದೆ ಎಂಬುದನ್ನು ಬರೆದಿಡಬೇಕು; ಪದಗಳನ್ನು ಮಾತ್ರ ಆ ಪತ್ರದಲ್ಲಿ ಬರೆಯಬಾರದು. ಪತ್ನಿಗೂ ವಿಶ್ವಾಸಾರ್ಹ ಬಂಧುವೊಬ್ಬರಿಗೂ ಆ ಪತ್ರದ ಅರಿವಿರಬೇಕು. ಝಕಾತ್ ಲೆಕ್ಕ ಹಾಕುವಾಗ ಇದನ್ನು ಮರೆಮಾಚದೆ ವಿದ್ವಾಂಸರ ಮುಂದಿಡಬೇಕು.

ಸರಕಾರದ ಧೋರಣೆಯೂ ಪ್ರಶ್ನಾರ್ಹವಾಗಿದೆ. 2021ರ ಚಳಿಗಾಲದ ಅಧಿವೇಶನಕ್ಕೆಂದು ಪಟ್ಟಿ ಮಾಡಿದ್ದ ಕ್ರಿಪ್ಟೊ ಮಸೂದೆ ಮಂಡನೆಯಾಗಲೇ ಇಲ್ಲ. ಆದರೆ 2022ರ ಬಜೆಟ್ ಲಾಭದ ಮೇಲೆ ಶೇಕಡಾ 30 ತೆರಿಗೆ ಹೇರಿತು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಅವಕಾಶವನ್ನೂ ಕೊಡಲಿಲ್ಲ. ತೆರಿಗೆ ವಸೂಲಿಗೆ ತೋರಿದ ಆತುರವನ್ನು ಠೇವಣಿದಾರನ ರಕ್ಷಣೆಗೆ ತೋರಲಿಲ್ಲವೇಕೆ?

ಆ ಕಾನೂನಿಗಾಗಿ ಒತ್ತಾಯಿಸೋಣ. ಆದರೆ ಅದು ಬರುವವರೆಗೆ ಕೈಕಟ್ಟಿ ಕೂರುವಂತಿಲ್ಲ. ನಮ್ಮ ಜಮಾಅತ್‌ಗಳು ಮತ್ತು ಅಂಜುಮನ್‌ಗಳು ಲೆಕ್ಕಪರಿಶೋಧಕರನ್ನೂ ಆಲಿಮ್‌ಗಳನ್ನೂ ಒಂದೇ ವೇದಿಕೆಗೆ ಕರೆದು ಈ ವಿಷಯದಲ್ಲಿ ಯುವಕರಿಗೂ ಮಹಿಳೆಯರಿಗೂ ತಿಳಿವಳಿಕೆ ನೀಡಲಿ. ಅಮಾನತನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕೆಂಬ ಆಜ್ಞೆ ಚಿನ್ನ ಬೆಳ್ಳಿಗೆ ಮಾತ್ರ ಸೀಮಿತವಲ್ಲ. ಇಪ್ಪತ್ತನಾಲ್ಕು ಪದಗಳಿಗೂ ಅದು ಅನ್ವಯಿಸುತ್ತದೆ.