ಬ್ರೈಟನ್ನಿನ ಡಬ್ಬಿಯಲ್ಲೊಂದು ಚೀಟಿ

ಮಳೆ ಬಂದು ಹಾಡಿನ ಚಿತ್ರೀಕರಣ ನಿಂತ ಕತೆ ಹೋದ ವಾರ ಬರೆದಿದ್ದೆ. ನಾಯಕಿ ಹೋಟೆಲಿನಲ್ಲಿ ಕಂಬಳಿ ಹೊದ್ದು ಮಲಗಿದರು. ನಿರ್ಮಾಪಕರು ಆಕಾಶ ನೋಡುತ್ತ ಖರ್ಚಿನ ಲೆಕ್ಕ ಹಾಕಿದರು. ತಂಡದ ಜೊತೆ ಕೊಡೆ ಹಿಡಿಯಲೂ ವರದಿ ಬರೆಯಲೂ ಹೋಗಿದ್ದ ಈ ಬಡ ಬರಹಗಾರನಿಗೆ ಒಂದು ಸಂಜೆ ಬಿಡುವು ಸಿಕ್ಕಿತು! ಊರು ಬ್ರೈಟನ್. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ. ಕಡಲ ತೀರ ಅಂತ ಹೆಸರೇ ಹೊರತು ಮರಳಿಲ್ಲ, ದಂಡೆಯ ತುಂಬ ಬರೀ ಉರುಟು ಕಲ್ಲು.

ಅಲ್ಲಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಹಾಸನದ ಕಡೆಯ ಗೆಳೆಯ ಬಂದ. “ನಡಿಯೋ, ಹಳೇ ಪಬ್ಬು ತೋರಿಸ್ತೀನಿ.”

“ನಾನು ಕುಡಿಯಲ್ಲ ಕಣೋ.”

“ಕುಡಿ ಅಂದೋರು ಯಾರು? ಬಾ ಸುಮ್ನೆ.”

ನಮ್ಮ ಚಿತ್ರಗಳ ಬಾರು ನಿಮಗೆ ಗೊತ್ತೇ ಇದೆ. ಕೆಂಪು ದೀಪ, ಖಳನಾಯಕನ ಅಟ್ಟಹಾಸ, ಒಂದು ಕುಣಿತ, ಕೊನೆಗೆ ಬಾಟಲಿ ಒಡೆದು ಹೊಡೆದಾಟ. ಅದನ್ನೇ ತಲೆಯಲ್ಲಿಟ್ಟುಕೊಂಡು ‘ಕ್ರಿಕೆಟರ್ಸ್’ ಒಳಗೆ ಕಾಲಿಟ್ಟೆ. 1547ರಿಂದ ಇದೆ ಅಂತ ಅವರೇ ಹೇಳಿಕೊಳ್ಳುತ್ತಾರೆ. ಕೆಂಪು ಮೆತ್ತೆಯ ಬೆಂಚು, ಹಿತ್ತಾಳೆ, ಮಂದ ಬೆಳಕು. ಕಾದಂಬರಿಕಾರ ಗ್ರಹಾಂ ಗ್ರೀನ್ ಬಂದು ಕೂರುತ್ತಿದ್ದ ಜಾಗ. ಯಾರಪ್ಪ ಈತ ಅಂದಿರಾ? ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಅಚ್ಚಾಗಲು ನೆರವಾದವರು! ಅವರಿಲ್ಲದಿದ್ದರೆ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆಯುತ್ತಿದ್ದರೋ ಇಲ್ಲವೋ. ಗ್ರೀನ್ ಬರೆದ ‘ಬ್ರೈಟನ್ ರಾಕ್’ 1947ರಲ್ಲಿ ಚಿತ್ರವಾಯಿತು. ಅದರಲ್ಲಿ ಎಳೇ ಪ್ರಾಯದ ಕೊಲೆಗಡುಕನಾಗಿ ನಟಿಸಿದವರು ರಿಚರ್ಡ್ ಅಟೆನ್‌ಬರೊ. 1982ರಲ್ಲಿ ‘ಗಾಂಧಿ’ ತೆಗೆದವರೂ ಅವರೇ! ಚಿತ್ರರಂಗ ಅಂದರೆ ಇದು.

ಟೇಬಲ್ ಹಿಡಿದು ಕೂತೆ. ಯಾರೂ ಬರಲಿಲ್ಲ. “ಹಿಂಗೇ ಕೂತಿದ್ರೆ ಬೆಳಗಾಗುತ್ತೆ” ಅಂತ ಗೆಳೆಯ ನಕ್ಕ. ಕೌಂಟರಿಗೆ ನಾವೇ ಹೋಗಬೇಕು, ದುಡ್ಡು ಅಲ್ಲೇ ಕೊಡಬೇಕು. ಕ್ಯೂ ಕಾಣಿಸುವುದಿಲ್ಲ, ಆದರೆ ಯಾರು ಮೊದಲು ಬಂದರು ಅಂತ ಸುರಿಯುವವನಿಗೂ ಗೊತ್ತು, ನಿಂತವರಿಗೂ ಗೊತ್ತು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇದನ್ನು ಊಹಿಸಿಕೊಳ್ಳಿ! ನೆಲಮಾಳಿಗೆಯ ಪೀಪಾಯಿಯಿಂದ ಉದ್ದ ಹಿಡಿಕೆಯ ಪಂಪಿನಲ್ಲಿ ಜಗ್ಗಿ ಜಗ್ಗಿ ಬಿಯರು ತುಂಬುತ್ತಾರೆ. ಹತ್ತಿರದ ಲೂಯಿಸ್ ಊರಿನ ಹಾರ್ವೀಸ್ ಅಂತೆ. ಐಸ್‌ನಂತೆ ಕೊರೆಯುವುದಿಲ್ಲ, ಬರೀ ತಣ್ಣಗೆ. ಒಂದು ಪಿಂಟ್ ಅಂದರೆ 568 ಮಿಲಿಲೀಟರು. ಬೆಲೆಯನ್ನು ರೂಪಾಯಿಗೆ ತಿರುಗಿಸಬೇಡಿ, ಕುಡಿಯದೇ ತಲೆ ತಿರುಗುತ್ತದೆ.

ಓಣಿಗಳಲ್ಲಿ ಸುತ್ತಿ ಎರಡನೆಯ ಪಬ್ಬಿಗೆ ಹೋದೆವು, ಚಿಕ್ಕದು. ಮೂಲೆಯಲ್ಲಿ ಒಬ್ಬ ಮುದುಕರು, ಕಾಲಡಿ ಒದ್ದೆ ನಾಯಿ, ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗಳು. ಅವಳಿಗೆ ಲೆಮನೇಡು, ಆಲೂಗೆಡ್ಡೆ ಚಿಪ್ಸು. ದೊಡ್ಡವರ ಜೊತೆ ಮಕ್ಕಳು ಬಂದು ಕೂರುವುದು ಅಲ್ಲಿ ವಿಶೇಷವೇನಲ್ಲ. ಕೌಂಟರಿನಲ್ಲಿ ಮದ್ಯ ಕೊಳ್ಳಲು ಮಾತ್ರ 18 ತುಂಬಿರಬೇಕು. ಸ್ವಲ್ಪ ಹೊತ್ತಾದ ಮೇಲೆ ಹುಡುಗಿ ತಾತನ ತೋಳು ಹಿಡಿದು ಏನೋ ಅಂದಳು. ಗ್ಲಾಸಿನಲ್ಲಿ ಇನ್ನೂ ನಾಲ್ಕು ಬೆರಳು ಬಿಯರಿತ್ತು. ಅವರು ಅದನ್ನು ಹಾಗೇ ಬಿಟ್ಟು, ಕೋಟು ಹಾಕಿಕೊಂಡು, ಎದ್ದು ಹೋದರು.

ನನಗೆ ಗಂಟಲು ಕಟ್ಟಿತು.

ನಮ್ಮ ರಾಜ್ಯದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಅದಕ್ಕೆ ಮುಂಚೆ ದಿನಾ ಸಂಜೆ “ಅಪ್ಪನ್ನ ಕರ್ಕೊಂಡ್ ಬಾ ಮಗಾ” ಅಂತ ಅಮ್ಮ ನನ್ನನ್ನು ಅಂಗಡಿಗೆ ಕಳಿಸುತ್ತಿದ್ದಳು. ನನಗೂ ಆಗ ಆ ಹುಡುಗಿಯಷ್ಟೇ ವಯಸ್ಸು. ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಹರಿದು ಉಗಿದ ಪ್ಲಾಸ್ಟಿಕ್ಕು ಕಾಲಿಗೆ ಅಂಟುತ್ತಿತ್ತು. ಅಪ್ಪನ ಅಂಗಿ ಜಗ್ಗಿ ನಿಲ್ಲುತ್ತಿದ್ದೆ. ಒಂದು ದಿನವೂ ಎದ್ದು ಬರಲಿಲ್ಲ. ಸಾರಾಯಿ ಹೋದ ಮೇಲೆ ಬ್ರಾಂದಿ ಹಿಡಿದ. ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡ. ನಾನು ಕಾಲೇಜು ಬಿಟ್ಟೆ.

ಗೆಳೆಯನಿಗೆ ಹೇಳಿದೆ. ಅವನು ಗ್ಲಾಸು ಕೆಳಗಿಟ್ಟ. “ಇದು ನೋಡಿ ಇಲ್ಲಿ ಎಲ್ಲ ಸರಿ ಅಂದ್ಕೋಬೇಡ. ಶನಿವಾರ ರಾತ್ರಿ ನಮ್ಮ ಆಸ್ಪತ್ರೆಗೆ ಬಂದು ನೋಡು. ಇಲ್ಲೂ ಹೆಂಡ್ತೀರು ಅಳ್ತಾರೆ.”

ಕೊನೆಗೆ ಗ್ಲೌಸೆಸ್ಟರ್ ರಸ್ತೆಯ ‘ಬಾಸ್ಕೆಟ್‌ಮೇಕರ್ಸ್ ಆರ್ಮ್ಸ್’. ಗೋಡೆಯ ತುಂಬ ಹಳೇ ತಗಡಿನ ಡಬ್ಬಿಗಳು. ಬಂದವರು ಮುಚ್ಚಳ ತೆಗೆದು ಚೀಟಿ ಬರೆದು ಹಾಕುತ್ತಾರೆ, ಯಾರು ಬೇಕಾದರೂ ತೆಗೆದು ಓದಬಹುದು. ಪ್ರೇಮ, ಜಗಳ, ಪೋಲಿ ಜೋಕು, ಎಲ್ಲ ಇದೆ. ನಾನೂ ಒಂದು ಬರೆದೆ, ಕನ್ನಡದಲ್ಲಿ, ಅಪ್ಪನಿಗೆ. ಏನು ಅಂತ ಕೇಳಬೇಡಿ. ಬ್ರೈಟನ್ನಿಗೆ ಹೋದವರು ಯಾರಾದರೂ ಓದಿದರೆ ಮತ್ತೆ ಅಲ್ಲೇ ಮಡಚಿಡಿ.

ಮಾರನೆಯ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿದೆ.

“ಹೆಂಡದಂಗಡಿಗೆ ಹೋಗಿದ್ಯಾ?”

“ಹೂಂ ಕಣಮ್ಮ. ಕುಡಿದಿದ್ದು ಕಿತ್ತಳೆ ಜ್ಯೂಸು. ಅಲ್ಲಿ ಮಕ್ಕಳೂ ಬರ್ತಾರೆ.”

ಸ್ವಲ್ಪ ಹೊತ್ತು ಅಮ್ಮನ ದನಿಯೇ ಇಲ್ಲ. ಆಮೇಲೆ ಕೇಳಿದಳು. “ಮಕ್ಕಳು ಕರೆದ್ರೆ ಎದ್ದು ಬರ್ತಾರಾ?”

“ಒಬ್ರು ಬಂದಿದ್ದು ನೋಡ್ದೆ” ಅಂದೆ.

ಹೊರಗೆ ಬಿಸಿಲು ಬಿದ್ದಿತ್ತು. ಕೊಡೆ ತರಲು ಕೂಗುತ್ತಿದ್ದರು.