ತೋಟದ ಲೆಕ್ಕಕ್ಕೊಂದು ಭಿತ್ತಿಪತ್ರ

ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಅಂದರೆ 89 ವರ್ಷಗಳ ತರುವಾಯ. ಹಿರಿಯೂರು ಸೀಮೆಯಲ್ಲಿ ಈ ಮಾತನ್ನು ಆಡದವರಿಲ್ಲ. 2025ರ ಜನವರಿಯಲ್ಲಿ ನೀರು ಮತ್ತೆ 130 ಅಡಿ ಮುಟ್ಟಿ ಕೋಡಿ ಹರಿದಾಗಲೂ ಇದೇ ಲೆಕ್ಕ ಎಲ್ಲರ ಬಾಯಲ್ಲಿ. ಆದರೆ 1933ರ ಸಂಗತಿ ನಮಗೆ ತಿಳಿದದ್ದಾದರೂ ಹೇಗೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕಟ್ಟೆಯ ಮೇಲೆ ನಿಂತು ನೀರಿನ ಮಟ್ಟ ನೋಡಿ, ತಾರೀಖು ಹಾಕಿ, ಪುಸ್ತಕದಲ್ಲಿ ಬರೆದಿಟ್ಟವರು ಇದ್ದರು; ಅದಕ್ಕೇ ನಮಗೆ ಗೊತ್ತು.

ಅದೇ ಸೀಮೆಯ ನಮ್ಮ ತೋಟಗಳ ಸಂಗತಿ ಕೇಳಿ ನೋಡಿ. 2017ರ ಸುಮಾರಿಗೆ ಕಟ್ಟೆಯ ನೀರು ತಳ ಕಂಡು ತೆಂಗು ಅಡಿಕೆ ಒಣಗಿದ ಕಾಲದಲ್ಲಿ ನಿಮ್ಮ ತೋಟದಲ್ಲಿ ಎಷ್ಟು ಮರ ಹೋದವು, ಬೋರು ಬತ್ತಿದ್ದು ಯಾವ ತಿಂಗಳು, ಎಷ್ಟು ಟ್ಯಾಂಕರ್ ನೀರು ಹೊಡೆಸಿದಿರಿ ಎಂದರೆ, "ಭಾಳ ಹೋದವು ಸ್ವಾಮಿ" ಎಂಬ ಒಂದೇ ಉತ್ತರ. ಸರ್ಕಾರದ ಕಟ್ಟೆಗೆ ತೊಂಬತ್ತು ವರ್ಷದ ನೆನಪಿದೆ. ನಮ್ಮ ನಾಲ್ಕು ಎಕರೆಗೆ ಹತ್ತು ವರ್ಷದ ನೆನಪೂ ಇಲ್ಲ.

ಇದಕ್ಕಾಗಿ ನಮ್ಮ ಸಂಘದ ಆಡಳಿತ ಮಂಡಳಿಯ ಮುಂದೆ ಒಂದು ಸಲಹೆಯನ್ನು ಇಡಬಯಸುತ್ತೇನೆ. ಮೊಬೈಲ್ ಫೋನಿನಲ್ಲಿ ಟಿಪ್ಪಣಿ ಬರೆದಿಡಲು ಅನುಕೂಲವಾದ ಸ್ವತಂತ್ರ ತಂತ್ರಾಂಶಗಳು ಇಂದು ದೊರೆಯುತ್ತವೆ. ಅವುಗಳನ್ನು ಬೆಳೆಗಾರರಿಗೆ ಪರಿಚಯಿಸುವ ಒಂದು ಭಿತ್ತಿಪತ್ರ ಸ್ಪರ್ಧೆಯನ್ನು ಸಂಘವು ಏರ್ಪಡಿಸಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಶಾಲಾ ಕಾಲೇಜುಗಳ ಮಕ್ಕಳೂ, ಸದಸ್ಯರ ಮನೆಯವರೂ, ಬೋರ್ಡು ಬರೆದು ಜೀವನ ಮಾಡುವ ಕಲಾವಿದರೂ ಇದರಲ್ಲಿ ಭಾಗವಹಿಸಬಹುದು. ಇದೇನು ಪಟ್ಟಣದವರ ಶೋಕಿ ಎಂದು ಕೆಲವರಿಗೆ ಅನ್ನಿಸಬಹುದು. ಹಾಗೆ ಅನ್ನಿಸುವವರು ಕೇಣಿ ಕೊಟ್ಟ ತೋಟದಲ್ಲಿ ಕೊನೆಯ ಕೊಯ್ಲಿನ ದಿನ ನಡೆಯುವ ಮಾತುಕತೆಯನ್ನು ಒಮ್ಮೆ ನೆನೆಸಿಕೊಳ್ಳಲಿ.

ಕೇಣಿ ಹಿಡಿದವರು ಮುಂಗಡ ಕೊಟ್ಟಿರುತ್ತಾರೆ. ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕೆ.ಜಿ. ರಾಶಿ ಅಡಿಕೆ ಎಂದು ಮಾತಾಗಿರುತ್ತದೆ. ಮೂರು ನಾಲ್ಕು ಕೊಯ್ಲು ನಡೆಯುತ್ತದೆ. ಪ್ರತಿ ಸಲವೂ ತೂಕವಾಗುತ್ತದೆ. ತೂಕದ ಚೀಟಿ ಅಂಗಿಯ ಜೇಬಿನಲ್ಲಿದ್ದು ಅಂಗಿಯ ಜೊತೆಯಲ್ಲೇ ಒಗೆಯಲ್ಪಡುತ್ತದೆ. ನಡುವೆ ಮಗಳ ಫೀಸಿಗೆಂದು ಒಂದಷ್ಟು, ಗೊಬ್ಬರಕ್ಕೆಂದು ಒಂದಷ್ಟು ಕೈಗಡ. ಕೊನೆಗೆ ಲೆಕ್ಕಕ್ಕೆ ಕುಳಿತಾಗ ಬರೆದ ಪುಸ್ತಕ ಇರುವುದು ಒಬ್ಬರ ಬಳಿ ಮಾತ್ರ, ಅದು ಬೆಳೆಗಾರನ ಬಳಿ ಅಲ್ಲ. ಕೇಣಿದಾರರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಎಷ್ಟೋ ಮಂದಿ ನಮಗಿಂತ ಕಟ್ಟುನಿಟ್ಟಾಗಿ ಲೆಕ್ಕ ಇಡುತ್ತಾರೆ. ತೊಂದರೆ ಇರುವುದು ಅಲ್ಲಿಯೇ: ಪುಸ್ತಕ ಇರುವವನ ಮಾತೇ ನಿಜವಾಗುತ್ತದೆ, ಅವನು ಪ್ರಾಮಾಣಿಕನಾಗಿದ್ದರೂ ಅಷ್ಟೇ, ಅಲ್ಲದಿದ್ದರೂ ಅಷ್ಟೇ.

ಬೋರ್‌ವೆಲ್ಲಿನ ವಿಷಯ ಇನ್ನೂ ಕಷ್ಟದ್ದು. ಎಷ್ಟು ಅಡಿ ಕೊರೆಸಿದ್ದು, ಕೇಸಿಂಗ್ ಪೈಪು ಎಲ್ಲಿಯವರೆಗೆ, ನೀರು ಸಿಕ್ಕಿದ್ದು ಎಷ್ಟನೇ ಅಡಿಗೆ, ಪಂಪು ಇಳಿಸಿದ್ದು ಎಷ್ಟು ಅಡಿಗೆ, ಮೋಟಾರು ಸುಟ್ಟು ಎತ್ತಿಸಿದ್ದು ಎಷ್ಟು ಸಲ, ಇವೆಲ್ಲ ಸಾಮಾನ್ಯವಾಗಿ ಮನೆಯ ಯಜಮಾನನ ತಲೆಯಲ್ಲಿರುತ್ತವೆ. ಅವರು ತೀರಿಕೊಂಡ ಮೇಲೆ ಪಂಪು ಕೆಟ್ಟರೆ ಹೆಂಡತಿ ಮಕ್ಕಳು ಊರವರನ್ನೆಲ್ಲ ಕೇಳಿಕೊಂಡು ಅಲೆಯುತ್ತಾರೆ. ಮೋಟಾರು ಎತ್ತುವವನು ಹೇಳಿದಷ್ಟು ಪೈಪಿಗೆ ಹಣ ಕೊಡುತ್ತಾರೆ.

ಮಲೆನಾಡಿನ ಕಾಫಿ ತೋಟಗಳ ರೂಢಿ ಈ ವಿಷಯದಲ್ಲಿ ನಮಗಿಂತ ಮೇಲು. ಮಳೆಮಾಪಕದಲ್ಲಿ ಬಿದ್ದ ನೀರನ್ನು ಇಂಚು ಮತ್ತು ಸೆಂಟುಗಳಲ್ಲಿ ದಿನವೂ ಬರೆದಿಡುವ ಅಭ್ಯಾಸ ಅಲ್ಲಿ ತಲೆಮಾರುಗಳಿಂದ ಬಂದದ್ದು. ಹೂಮಳೆ ಬಿದ್ದ ದಿನ ಯಾವುದು, ಅದಾದ ಎಷ್ಟನೇ ದಿನಕ್ಕೆ ಎರಡನೇ ಮಳೆ ಬಂತು ಎಂಬುದರ ಮೇಲೆ ಆ ವರ್ಷದ ರೋಬಸ್ಟಾ ಬೆಳೆಯ ಅಂದಾಜು ನಿಂತಿರುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕುವ ತೀರ್ಮಾನವೂ ಆ ಪುಸ್ತಕ ನೋಡಿಯೇ ಆಗಬೇಕು. ದಕ್ಷಿಣ ಕನ್ನಡದ ಅಡಿಕೆ ಸೀಮೆಯಲ್ಲಿಯೂ ದಶಕಗಳ ಕಾಲ ದಿನದಿನದ ಮಳೆ ಬರೆದಿಟ್ಟ ಕೃಷಿಕರಿದ್ದಾರೆ. ಬೆಳೆಗಾರನೇ ಲೇಖನಿ ಹಿಡಿಯಬೇಕೆಂಬ ಹಂಬಲದಿಂದ ಪುತ್ತೂರಿನಲ್ಲಿ 1988ರಲ್ಲಿ ಹುಟ್ಟಿದ ಅಡಿಕೆ ಪತ್ರಿಕೆಯನ್ನು ನಮ್ಮಲ್ಲಿ ಅನೇಕರು ಓದುತ್ತಾರೆ. ಓದುವುದು ಬಂದಿದೆ, ಬರೆಯುವುದು ಬಂದಿಲ್ಲ.

ಬಯಲುಸೀಮೆಯ ನಮಗೆ ಮಳೆಯ ಲೆಕ್ಕ ಇನ್ನೂ ಹೆಚ್ಚು ಬೇಕು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಮಳೆಮಾಪನ ಕೇಂದ್ರದ ಅಂಕಿಯಿಂದ. ನಾವು ಬರೆದಿಟ್ಟದ್ದು ಅಲ್ಲಿ ನಡೆಯುವುದಿಲ್ಲ. ಆದರೂ "ನಮ್ಮ ಕಡೆ ಮಳೆಯೇ ಇರಲಿಲ್ಲ" ಎಂದು ಕೂಗುವ ಇಪ್ಪತ್ತು ಜನರಿಗಿಂತ, ದಿನಾಂಕವಾರು ಅಂಕಿ ಹಿಡಿದು ಬಂದ ಇಬ್ಬರಿಗೆ ಅಧಿಕಾರಿಗಳು ಕುರ್ಚಿ ತೋರಿಸುವುದು ಹೆಚ್ಚು.

ಇದಕ್ಕೆಲ್ಲ ಡೈರಿ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬರೆಯುವವನಿಗೆ ಡೈರಿ ಸಾಕು. ಬರೆಯುತ್ತಿರುವವರು ದಯವಿಟ್ಟು ಬಿಡಬೇಡಿ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿಯಲ್ಲಿ ಜನವರಿಯ ಹತ್ತು ಪುಟ ತುಂಬಿ ಉಳಿದದ್ದು ಮಕ್ಕಳ ಮಗ್ಗಿಗೆ ಬಳಕೆಯಾಗುವುದನ್ನು ಎಲ್ಲರೂ ಬಲ್ಲರು. ಡೈರಿ ಮನೆಯಲ್ಲಿರುತ್ತದೆ, ಕೆಲಸ ತೋಟದಲ್ಲಿ ನಡೆಯುತ್ತದೆ. ಮೊಬೈಲ್ ಫೋನಾದರೋ ಈಗ ತೋಟಕ್ಕೂ ಬರುತ್ತದೆ, ತೂಕದ ಕಟ್ಟೆಗೂ ಬರುತ್ತದೆ. ತೂಕದ ಚೀಟಿಯ ಚಿತ್ರ ತೆಗೆದು ಅದರ ಕೆಳಗೆ ಎರಡು ಸಾಲು ಬರೆಯಲು ಬೀಡಿ ಹಚ್ಚುವಷ್ಟು ಹೊತ್ತು ಸಾಕು. ವಾಟ್ಸಾಪಿನಲ್ಲಿ ತಮಗೆ ತಾವೇ ಕಳಿಸಿಕೊಳ್ಳುವವರೂ ಇದ್ದಾರೆ. ಫೋನು ಬದಲಾದಾಗ ಅದರಲ್ಲಿ ಅರ್ಧ ಹೋಗಿರುತ್ತದೆ. ಉಳಿದರ್ಧ ಹಬ್ಬದ ಶುಭಾಶಯಗಳ ನಡುವೆ ಹುಡುಕಿದರೂ ಸಿಕ್ಕುವುದಿಲ್ಲ.

ಇನ್ನು "ಸ್ವತಂತ್ರ" ಎಂಬ ಮಾತಿಗೆ ಬರುತ್ತೇನೆ. ಭಿತ್ತಿಪತ್ರ ಬರೆಯುವವರು ಮೊದಲು ಎಡವುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಫ್ರೀ ಎಂಬ ಒಂದೇ ಪದಕ್ಕೆ ಬಿಟ್ಟಿ ಎಂದೂ ಅರ್ಥ, ಸ್ವತಂತ್ರ ಎಂದೂ ಅರ್ಥ. ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕದ ತಂತ್ರಜ್ಞರು 1983ರಲ್ಲಿ ಈ ಸ್ವತಂತ್ರ ತಂತ್ರಾಂಶದ ಚಳವಳಿ ಆರಂಭಿಸಿದಂದಿನಿಂದ ಅಲ್ಲಿಯವರು ಈ ಎರಡು ಅರ್ಥಗಳನ್ನು ಬಿಡಿಸಿ ಹೇಳುತ್ತಲೇ ಇದ್ದಾರೆ. ಕನ್ನಡಕ್ಕೆ ಆ ಕಷ್ಟವಿಲ್ಲ, ನಮ್ಮಲ್ಲಿ ಪದಗಳೇ ಬೇರೆ. ಬಿಟ್ಟಿ ಎಂದರೆ ಇಂದು ಹಣ ಕೇಳುವುದಿಲ್ಲ ಎಂದಷ್ಟೇ. ಸ್ವತಂತ್ರ ಎಂದರೆ ಆ ತಂತ್ರಾಂಶದ ಮೂಲ ಬರಹ ಬಹಿರಂಗವಾಗಿದೆ, ಯಾರು ಬೇಕಾದರೂ ಪರೀಕ್ಷಿಸಬಹುದು, ತಿದ್ದಬಹುದು, ಹಂಚಬಹುದು. ಮಾಡಿದವನು ಕೈಬಿಟ್ಟರೂ ಮತ್ತೊಬ್ಬರು ಮುಂದುವರಿಸಬಹುದು.

ಇವೆರಡರ ಅಂತರಕ್ಕೆ ಒಂದು ಉದಾಹರಣೆ ಸಾಕು. ಎವರ್‌ನೋಟ್ ಎಂಬ ಟಿಪ್ಪಣಿ ತಂತ್ರಾಂಶವನ್ನು ಲೋಕದಾದ್ಯಂತ ಲಕ್ಷಾಂತರ ಮಂದಿ ಬಿಟ್ಟಿಯಾಗಿ ಬಳಸುತ್ತಿದ್ದರು. ಆ ಕಂಪನಿ ಇಟಲಿಯ ಬೇರೊಂದು ಕಂಪನಿಯ ಕೈಸೇರಿತು. 2023ರ ಡಿಸೆಂಬರಿನಲ್ಲಿ ಬಿಟ್ಟಿ ಬಳಕೆದಾರರಿಗೆ 50 ಟಿಪ್ಪಣಿ, ಒಂದು ಪುಸ್ತಕ, ಇಷ್ಟೇ ಎಂದು ಮಿತಿ ಹಾಕಿದರು. ಬರೆದದ್ದನ್ನು ಅವರು ಕಸಿದುಕೊಳ್ಳಲಿಲ್ಲ. ಹೊಸದಾಗಿ ಬರೆಯಬೇಕಾದರೆ ಹಣ ಕೊಡಿ ಎಂದರು. ಐವತ್ತು ಟಿಪ್ಪಣಿ ಎಂದರೆ ನಮ್ಮ ಮಳೆಗಾಲದ ಲೆಕ್ಕಕ್ಕೇ ಸಾಲದು. ನಮ್ಮ ಕನ್ನಡದ ಅನುಭವವೂ ಬೇರೆ ಬಗೆಯಲ್ಲಿ ಇದನ್ನೇ ಹೇಳುತ್ತದೆ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆರಡೂ ಬಿಟ್ಟಿಯಾಗಿ ದೊರೆತು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ತೋಟದ ಲೆಕ್ಕ ಇಪ್ಪತ್ತು ವರ್ಷ ಬಾಳಬೇಕು. ಯಾವ ಯಂತ್ರದಲ್ಲಾದರೂ ತೆರೆದು ಓದುವಂತಿರಬೇಕು.

ಅಂಥ ಗುಣವುಳ್ಳ ತಂತ್ರಾಂಶಗಳಲ್ಲಿ ಜಾಪ್ಲಿನ್ ಒಂದು. ಲೋರಾಂ ಕೋಜಿಕ್ ಎಂಬವರು ಆರಂಭಿಸಿದ್ದು. ಆಂಡ್ರಾಯ್ಡ್ ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಇಂಟರ್ನೆಟ್ ಇಲ್ಲದ ತೋಟದಲ್ಲಿಯೂ ಬರೆಯಬಹುದು. ಕನ್ನಡದಲ್ಲಿ ಬರೆಯಬಹುದು, ಚಿತ್ರ ಸೇರಿಸಬಹುದು. ಬರೆದದ್ದನ್ನೆಲ್ಲ ಸಾದಾ ಅಕ್ಷರಗಳ ಕಡತವಾಗಿ ಹೊರತೆಗೆದು ಬೇರೆಡೆ ಇಡಬಹುದು. ಅವರದೇ ಸಂಗ್ರಹ ಸೇವೆಗೆ ಹಣ ಕೊಡಬೇಕಾಗುತ್ತದೆ, ಆದರೆ ಅದನ್ನೇ ಬಳಸಬೇಕೆಂಬ ಕಡ್ಡಾಯವಿಲ್ಲ. ಕೊರತೆಯನ್ನೂ ಹೇಳಬೇಕು. ಪ್ರತಿ ಇಟ್ಟುಕೊಳ್ಳದೆ ಫೋನಿನಲ್ಲಿ ಮಾತ್ರ ಬರೆದು, ಆ ಫೋನು ತೊಟ್ಟಿಗೆ ಬಿದ್ದರೆ ಲೆಕ್ಕವೂ ತೊಟ್ಟಿಗೆ ಬಿದ್ದಂತೆ. ತಿಂಗಳಿಗೊಮ್ಮೆ ಸೊಸೈಟಿಗೆ ಬಂದಾಗ ಪ್ರತಿ ತೆಗೆದುಕೊಳ್ಳುವ ವ್ಯವಸ್ಥೆಯನ್ನು ಸಂಘದ ಕಚೇರಿಯಲ್ಲಿ ಮಾಡಿದರೆ ಸ್ಪರ್ಧೆಗೂ ಒಂದು ಅರ್ಥ ಬರುತ್ತದೆ. ಆದರೆ ಸದಸ್ಯರ ಲೆಕ್ಕವನ್ನು ಕಚೇರಿಯವರು ಓದಕೂಡದು. ಪ್ರತಿ ಸದಸ್ಯನ ಪೆನ್‌ಡ್ರೈವಿನಲ್ಲಿ ಹೋಗಬೇಕು.

ಈಗ ಚಿತ್ರದ ಮಾತು. "ತಂತ್ರಾಂಶ ಮತ್ತು ಕೃಷಿ" ಎಂದು ವಿಷಯ ಕೊಟ್ಟರೆ ಮಕ್ಕಳು ಒಂದು ಕಂಪ್ಯೂಟರು, ಅದರ ಪಕ್ಕ ಒಂದು ಮರ, ಮೇಲೆ ನಗುವ ಸೂರ್ಯ ಬರೆದು ತರುತ್ತಾರೆ. ಅದು ಮಕ್ಕಳ ತಪ್ಪಲ್ಲ, ವಿಷಯ ಕೊಟ್ಟವರ ತಪ್ಪು. ಈಚೆಗೆ ಯಂತ್ರದಿಂದಲೇ ಚಿತ್ರ ಬರೆಸುವ ಕಾಲ ಬೇರೆ. ಅಂಥದೊಂದು ಚಿತ್ರದಲ್ಲಿ ಅಡಿಕೆ ಮರದ ತಲೆಗೆ ತೆಂಗಿನಕಾಯಿ ಜೋತು ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಭಿತ್ತಿಪತ್ರದ ನಡುವೆ ಇರಬೇಕಾದದ್ದು ಒಂದು ತುಂಬಿದ ಪುಟ: ತಾರೀಖು, ಎರಡನೇ ಕೊಯ್ಲು, ಹಸಿ ಅಡಿಕೆ ಇಷ್ಟು ಕ್ವಿಂಟಾಲ್, ಕೂಲಿ ಇಷ್ಟು, ಮುಂಗಡ ಇಷ್ಟು, ಬಾಕಿ ಇಷ್ಟು. ಓದಿದವನಿಗೆ "ಇದು ನನ್ನದೇ ಲೆಕ್ಕ" ಎನ್ನಿಸಬೇಕು. ಬೋರ್‌ವೆಲ್ಲಿನ ಉದ್ದದ ಚಿತ್ರ ಬರೆದು ಪಕ್ಕದಲ್ಲಿ ಅಡಿಗಳನ್ನು ಗುರುತಿಸಿದರೂ ಚೆನ್ನ. ಅಕ್ಷರ ಹತ್ತು ಹೆಜ್ಜೆ ದೂರಕ್ಕೆ ಕಾಣಬೇಕು. ಮನೆಯ ಹೆಣ್ಣುಮಕ್ಕಳು ಚಿತ್ರದಲ್ಲಿ ಹರಿವಾಣ ಹಿಡಿದು ನಿಲ್ಲಬಾರದು, ಫೋನು ಹಿಡಿದು ಬರೆಯುತ್ತಿರಬೇಕು; ಅಡಿಕೆ ಸುಲಿಯುವವರ ಕೂಲಿ ಲೆಕ್ಕ ಎಷ್ಟೋ ಮನೆಗಳಲ್ಲಿ ಅವರ ಬಳಿಯೇ ಇರುವುದು.

ಸ್ಪರ್ಧೆಯ ನಿಯಮಗಳಲ್ಲಿ ಒಂದು ವಿಷಯಕ್ಕೆ ನನ್ನ ಹಟವಿದೆ. ಇಂಥ ಸ್ಪರ್ಧೆಗಳಲ್ಲಿ "ಬಂದ ಚಿತ್ರಗಳೆಲ್ಲವೂ ಸಂಸ್ಥೆಯ ಸ್ವತ್ತು" ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕುವ ಪದ್ಧತಿಯುಂಟು. ನಲವತ್ತು ಜನ ರಾತ್ರಿ ಕೂತು ಬರೆದು, ಒಬ್ಬರಿಗೆ ಬಹುಮಾನ, ಮೂವತ್ತೊಂಬತ್ತು ಜನರ ಚಿತ್ರ ಬಿಟ್ಟಿ. ನಮ್ಮ ಸಂಘ ಹಾಗೆ ಮಾಡಬಾರದು. ಗೆಲ್ಲದ ಚಿತ್ರಗಳನ್ನು ಬರೆದವರಿಗೆ ಹಿಂದಿರುಗಿಸಬೇಕು. ಗೆದ್ದದ್ದರ ಮೇಲೆ ಬರೆದವರ ಹೆಸರು ಅಚ್ಚಾಗಬೇಕು. ಅದನ್ನು, ಬರೆದವರ ಒಪ್ಪಿಗೆ ಪಡೆದು, ಕನ್ನಡ ವಿಕಿಪೀಡಿಯಕ್ಕಿರುವಂಥ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಬೇಕು. ಆಗ ಚನ್ನಗಿರಿಯವರೋ ಶಿರಸಿಯವರೋ ಹೆಸರು ಉಳಿಸಿಕೊಂಡು ತಮ್ಮೂರಿನಲ್ಲಿ ಅಚ್ಚು ಹಾಕಿಸಿಕೊಳ್ಳಬಹುದು. ಸ್ವತಂತ್ರ ತಂತ್ರಾಂಶವನ್ನು ಸಾರುವ ಚಿತ್ರವೇ ಬೀಗ ಹಾಕಿಕೊಂಡು ಕೂತರೆ ನೋಡಿದವರು ನಕ್ಕಾರು.

ತೀರ್ಪುಗಾರರಾಗಿ ಚಿತ್ರಕಲಾ ಮೇಷ್ಟ್ರು ಒಬ್ಬರಿರಲಿ. ಉಳಿದ ನಾಲ್ವರು ಫೋನಿನಲ್ಲಿ ಇದುವರೆಗೆ ಒಂದು ಸಾಲೂ ಬರೆದಿಡದ ಬೆಳೆಗಾರರಾಗಿರಲಿ. ಯಾವ ಚಿತ್ರ ನೋಡಿ ಅವರಲ್ಲಿ ಇಬ್ಬರಾದರೂ "ಇದನ್ನು ನನ್ನ ಫೋನಿಗೆ ಹಾಕಿಕೊಡಪ್ಪ" ಎನ್ನುತ್ತಾರೋ ಅದಕ್ಕೆ ಮೊದಲ ಬಹುಮಾನ. ಬಹುಮಾನಕ್ಕೆ ಫಲಕ, ಶಾಲು ಬೇಡ. ಹಣದ ಜೊತೆಗೆ ಒಂದೊಂದು ಮಳೆಮಾಪಕ ಕೊಡಬಹುದು, ಅದೇನೂ ದುಬಾರಿಯ ವಸ್ತುವಲ್ಲ.

ಅಚ್ಚಾದ ಮೇಲೆ ಅಂಟಿಸುವ ಜಾಗವನ್ನೂ ಈಗಲೇ ಯೋಚಿಸಬೇಕು. ಕಚೇರಿಯ ಒಳಗೋಡೆ ಬೇಡ, ಅಲ್ಲಿ ಈಗಾಗಲೇ ಐದು ವರ್ಷದ ಕ್ಯಾಲೆಂಡರುಗಳಿವೆ. ಭೀಮಸಮುದ್ರದ ಅಡಿಕೆ ವ್ಯಾಪಾರದ ಕಡೆ, ಹಾಲಿನ ಡೈರಿಗಳಲ್ಲಿ, ಗೊಬ್ಬರದ ಅಂಗಡಿಗಳ ಕಟ್ಟೆಯಲ್ಲಿ, ಮೋಟಾರು ರಿವೈಂಡಿಂಗ್ ಅಂಗಡಿಗಳ ಮುಂದೆ, ಅಂದರೆ ಬೆಳೆಗಾರ ಅರ್ಧ ಗಂಟೆ ಸುಮ್ಮನೆ ಕಾಯುವ ಜಾಗಗಳಲ್ಲಿ ಅಂಟಿಸಬೇಕು. ಮುಂಗಾರಿಗೆ ಮುಂಚೆ ಅಂಟಿಸಿದರೆ ಮೊದಲ ಮಳೆಯಿಂದಲೇ ಲೆಕ್ಕ ಶುರುವಾಗುತ್ತದೆ. ಕೊಯ್ಲು ಬರುವ ಹೊತ್ತಿಗೆ ಕೈ ಪಳಗಿರುತ್ತದೆ. ಮುಂದಿನ ಆಡಳಿತ ಮಂಡಳಿ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಬೇಕೆಂದು ಕಾರ್ಯದರ್ಶಿಯವರನ್ನು ಕೋರುತ್ತೇನೆ.