ಅಂಜಿಕೆಗೆ ತಾಯ್ನುಡಿ

ಎದೆಬಡಿತ, ನಿದ್ರಾಭಂಗ, ಕಾರಣವಿಲ್ಲದ ಭಯ ಇವನ್ನು ‘ನರದೌರ್ಬಲ್ಯ’ವೆಂದು ಕರೆದು ಟಾನಿಕ್ಕಿನ ಸೀಸೆ ಕೊಳ್ಳುವ ವಾಡಿಕೆ ನಮ್ಮಲ್ಲಿನ್ನೂ ಅಳಿದಿಲ್ಲ. ಆತಂಕವು ಚಿಕಿತ್ಸೆಗೆ ಬಗ್ಗುವ ವ್ಯಾಧಿ. 2022ರಲ್ಲಿ ಪ್ರಕಟವಾದ, 276 ರೋಗಿಗಳನ್ನೊಳಗೊಂಡ ಅಮೆರಿಕದ ಪ್ರಯೋಗದಲ್ಲಿ ಎಂಟು ವಾರ ಧ್ಯಾನಶಿಕ್ಷಣ ಪಡೆದವರು ಎಸಿಟಲೋಪ್ರಾಮ್ ಗುಳಿಗೆ ಸೇವಿಸಿದವರಷ್ಟೇ ಉಪಶಮನ ಹೊಂದಿದರು. ಗುಳಿಗೆಗೆ ಭಾಷೆ ಬೇಡ. ಶಿಕ್ಷಣಕ್ಕೂ ಸಮಾಲೋಚನೆಗೂ ಬೇಕು. ಸನತ್‌ನಗರದ ಕಾರ್ಖಾನೆಯಲ್ಲಿ ದುಡಿಯುವ ಕನ್ನಡಿಗನು ಕೂಲಿಯನ್ನು ತೆಲುಗಿನಲ್ಲಿ ಕೇಳಬಲ್ಲ; ಭಯವನ್ನು ತೋಡಿಕೊಳ್ಳಲು ಅವನಿಗೆ ತಾಯ್ನುಡಿಯೇ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ, 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ದೂರವಾಣಿ 14416ರಲ್ಲಿ ಶುಲ್ಕವಿಲ್ಲ, ಕನ್ನಡವೂ ಉಂಟು. ಅಷ್ಟರಿಂದಲೇ ತೃಪ್ತರಾಗಬಾರದು. ಇಲ್ಲಿಯ ಇ.ಎಸ್.ಐ. ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆಯಾದರೂ ಕನ್ನಡ ಬಲ್ಲ ಸಮಾಲೋಚಕರು ದೊರೆಯುವಂತಾಗಬೇಕು. ರಾಜ್ಯೋತ್ಸವಕ್ಕೆ ತೋರುವ ಉತ್ಸಾಹದ ಒಂದು ಪಾಲನ್ನು ನಮ್ಮ ಸಂಘಗಳು ಈ ಬೇಡಿಕೆಗೂ ಮೀಸಲಿಡಲಿ.